ಮಕ್ಕಳನ್ನು ಮನೆಯಲ್ಲೇ ಓದಿಸುವ ಕುಟುಂಬ ಬೇಟೆ, ಕಾಡಿನ ವಿದ್ಯೆಗಳನ್ನು ಒಟ್ಟಿಗೆ ಕಲಿಯಬಹುದೇ?

ಸಕಲೇಶಪುರದ ಹತ್ತಿರ ತೋಟ ಕೊಂಡು ಬಂದಿದ್ದೀರಿ, ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದೀರಿ. ಅಮೆರಿಕದ ಕೆಲವು ಕುಟುಂಬಗಳಂತೆ ನೀವೂ ಮಕ್ಕಳ ಜೊತೆ ಬೇಟೆ ಕಲಿಯಬಹುದೇ ಎಂದು ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ, ನಮ್ಮ ಮಕ್ಕಳೂ ಮನೆಯಲ್ಲೇ ಓದುವವರು. ಬೇಟೆ ಬೇಡ. ಬೇಟೆಗಾರನಿಗೆ ಗೊತ್ತಿರುವ ಉಳಿದ ವಿದ್ಯೆಯನ್ನೆಲ್ಲ ಖಂಡಿತ ಕಲಿಯಿರಿ.

ಅಮೆರಿಕದಲ್ಲಿ ಬೇಟೆಗೆ ಪರವಾನಗಿ, ಗೊತ್ತಾದ ಋತು, ತರಬೇತಿ ಎಲ್ಲ ಇವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳು ಹಾಕುವುದು, ಹಕ್ಕಿಯ ಗೂಡು ಕದಡುವುದು, ಇವಕ್ಕೆ ಯತ್ನಿಸುವುದು ಕೂಡ ಬೇಟೆಯೇ. ಸ್ವಂತ ತೋಟ ಎಂಬ ವಿನಾಯಿತಿ ಇಲ್ಲ. ಬೆಳೆ ಕಾಯಲು ಕೊಟ್ಟ ಕೋವಿಯ ಪರವಾನಗಿ ಕಾಡುಹಂದಿ ಹೊಡೆಯಲು ಕೊಟ್ಟ ಅಪ್ಪಣೆಯಲ್ಲ. ಅಕ್ಕಪಕ್ಕದವರು ಪ್ರೀತಿಯಿಂದಲೇ ಶಿಕಾರಿಗೆ ಕರೆದಾರು, ಮಕ್ಕಳನ್ನು ಕಳಿಸಬೇಡಿ.

ಆದರೆ ಈಡು ಹಾರುವುದು ಒಂದು ಕ್ಷಣದ ಮಾತು. ಅದಕ್ಕೆ ಮೊದಲಿನ ಜಾಡು, ಗಾಳಿಯ ದಿಕ್ಕು, ಸದ್ದಿಲ್ಲದ ನಡಿಗೆ, ಅಲ್ಲಾಡದೆ ಕೂರುವ ತಾಳ್ಮೆ, ಇವೇ ವಿದ್ಯೆ. ಇದನ್ನು ಹೆಜ್ಜೆಗುರುತಿನಿಂದ ಶುರುಮಾಡಿ. ಮಳೆ ನಿಂತು ಕೆಸರು ಗಟ್ಟಿಯಾಗುವ ಹೊತ್ತಿಗೆ ತೋಟದ ದಾರಿಯಲ್ಲಿ ಗುರುತುಗಳು ಚೆನ್ನಾಗಿ ಮೂಡಿರುತ್ತವೆ. ನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುವುದರಿಂದ ಅದರ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆನೆಯ ಮುಂಗಾಲಿನ ಗುರುತಿನ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಿದರೆ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ನಮ್ಮ ಮಗಳಿಗೆ ಗುಣಾಕಾರದ ರುಚಿ ಹತ್ತಿದ್ದೇ ಇಲ್ಲಿ. ಆದರೆ ಲದ್ದಿ ಹಸಿಯಾಗಿ ಬೆಚ್ಚಗಿದ್ದರೆ ಅಳತೆಗೆ ನಿಲ್ಲಬೇಡಿ, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂತಿರುಗಿ. ಸಕಲೇಶಪುರ, ಆಲೂರು ಕಡೆ ಆನೆಗಳು ತೋಟದಲ್ಲೇ ಓಡಾಡುತ್ತವೆ. ಅರಣ್ಯ ಇಲಾಖೆಯ ಎಚ್ಚರಿಕೆಯ ಸಂದೇಶ ನೋಡದೆ, ಬೆಳಕು ಹರಿಯುವ ಮೊದಲು ಯಾರೂ ಹೊರಡಬಾರದು.

ಇದನ್ನೆಲ್ಲ ಕಲಿಸುವ ಗುರುಗಳು ನಿಮ್ಮ ತೋಟದಲ್ಲೇ ಇರಬಹುದು. ಹಳೆಯ ಆಳುಗಳು ಕಡವೆಯ ಕೂಗಿಗೂ ಕಾಡುಕುರಿಯ ಬೊಗಳಿಕೆಗೂ ಇರುವ ವ್ಯತ್ಯಾಸವನ್ನು ಕೆಲಸದ ನಡುವೆಯೇ ಹೇಳಬಲ್ಲರು. ಅವರಿಗೆ ಆ ದಿನದ ಕೂಲಿ ಕೊಟ್ಟು, ಮಕ್ಕಳ ಪಕ್ಕದಲ್ಲಿ ನೀವೂ ಕುಳಿತು ಕಲಿಯಿರಿ. ಅಪ್ಪನಿಗೂ ಗೊತ್ತಿಲ್ಲದ್ದನ್ನು ಅಪ್ಪನ ಜೊತೆಯಲ್ಲೇ ಕಂಡುಹಿಡಿಯುವಾಗ ಮಕ್ಕಳಿಗೆ ಆಗುವ ಸಂತೋಷ ಪಾಠದ ಪುಸ್ತಕದಿಂದ ಬರುವುದಿಲ್ಲ. ಬೇಲಿಯ ಸಂದಿಯಲ್ಲಿ ಬೈಕಿನ ಕ್ಲಚ್ ತಂತಿಯ ಉರುಳು ಗುರುತಿಸುವುದನ್ನೂ ಕಲಿಸಿ. ಹಂದಿಗೆಂದು ಹಾಕಿದ ಉರುಳಿಗೆ ಚಿರತೆಗಳು ಸಿಕ್ಕಿ ನರಳಿ ಸಾಯುತ್ತವೆ. ಕಂಡರೆ ಇಲಾಖೆಗೆ ತಿಳಿಸಿ.

ತಿನ್ನುವ ವಿಷಯಕ್ಕೆ ಬಂದರೆ, ಕೆಸುವಿನ ಎಲೆ, ಕಳಲೆ, ಗದ್ದೆಯ ಏಡಿ, ಗಾಳದ ಮೀನು ಸಾಕಷ್ಟಾಯಿತು. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಬೇಯಿಸಿಯೇ ತಿನ್ನಬೇಕು. ಹಸಿಯದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಅಣಬೆಯನ್ನು ಮಾತ್ರ ಬಲ್ಲವರು ಕೈಯಲ್ಲಿ ಹಿಡಿದು ನೋಡದೆ ಒಲೆಗೆ ಏರಿಸಬೇಡಿ. ಮೊದಲ ಮಳೆಗೆ ನೀರಿನ ವಿರುದ್ಧ ಏರಿ ಬರುವ ಹತ್ತುಮೀನನ್ನು ಹಿಡಿಯುವುದು ಮಲೆನಾಡಿನ ದೊಡ್ಡ ಸಂಭ್ರಮ, ನನಗೂ ಗೊತ್ತು. ಆದರೂ ನಮ್ಮ ಮನೆಯಲ್ಲಿ ಹಿಡಿಯುವುದಿಲ್ಲ. ಮೊಟ್ಟೆಯಿಡಲು ಹೊರಟ ಮೀನು ಅದು. ಮಕ್ಕಳು ದಡದಲ್ಲಿ ನಿಂತು ನೋಡುತ್ತಾರೆ.

ಕಾಡಂಚಿಗೆ ಹೋಗುವಾಗ ರಕ್ತ ಹೀರುವ ಉಣ್ಣೆ ಹುಳುವಿನ ಬಗ್ಗೆ ಎಚ್ಚರ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ, ಡಿಸೆಂಬರಿನಿಂದ ಮೇ ತನಕ ಹೆಚ್ಚು. ಮೈತುಂಬ ಬಟ್ಟೆ ಹಾಕಿಸಿ, ಮನೆಗೆ ಬಂದೊಡನೆ ಬಿಸಿನೀರು ಹುಯ್ದು ಮೈಯೆಲ್ಲ ನೋಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಹೇಳಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಅಲ್ಲಾಡಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರತಿವಿಷ ಎಲ್ಲಿ ದೊರೆಯುತ್ತದೆ ಎಂಬುದನ್ನು ಈ ವಾರವೇ ವಿಚಾರಿಸಿಟ್ಟುಕೊಳ್ಳಿ.

ಪರೀಕ್ಷೆಯ ಚಿಂತೆಯಿದ್ದರೆ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಬರೆಯಬಹುದು. ಮಳೆ ನಿಂತ ಮೇಲೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ನಮ್ಮ ತೋಟಕ್ಕೆ ಬನ್ನಿ, ನಮ್ಮ ಮಕ್ಕಳೇ ನಿಮಗೆ ದಾರಿ ತೋರಿಸುತ್ತಾರೆ.