ಆಡಮ್ಸ್ ಮನೆತನದ ಪತ್ರಗಳು ಉಳಿದದ್ದು ಹೇಗೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಬಾಸ್ಟನ್ ಹತ್ತಿರದ ಕ್ವಿನ್ಸಿಗೆ ಬಂದಿದ್ದೇನೆ. ಇಲ್ಲಿ ಅಧ್ಯಕ್ಷರಾಗಿದ್ದ ಜಾನ್ ಆಡಮ್ಸ್ ಅವರ ಹಳೆಯ ಮನೆ ನೋಡಿದೆ. ನಾಲ್ಕು ತಲೆಮಾರಿನ ಪತ್ರ, ಡೈರಿಗಳು ಉಳಿದಿವೆಯಂತೆ. ಅದು ಹೇಗೆ? ನಮ್ಮ ತಂದೆಯ ಪತ್ರಗಳ ಕಟ್ಟೂ ಊರಲ್ಲಿದೆ. ಲ್ಯಾಮಿನೇಷನ್ ಮಾಡಿಸಿದರೆ ಸಾಕಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಲ್ಯಾಮಿನೇಷನ್ ಯೋಚನೆ ಬಿಡಿ. ಕಾರಣ ಆಮೇಲೆ ಹೇಳುತ್ತೇನೆ.

ಹಳೆಯ ಕಾಗದಗಳ ನಡುವೆಯೇ ಕೆಲಸ ಮಾಡಿದ ನನಗೆ ಆಡಮ್ಸ್ ಮನೆತನದ ಮೇಲೆ ತುಂಬಾ ಗೌರವ. ಪ್ರತಿ ತಲೆಮಾರಿನಲ್ಲೂ ಒಬ್ಬರಾದರೂ ಆ ಕಾಗದಗಳ ಹೊಣೆ ಹೊತ್ತರು. ಜಾನ್ ಮತ್ತು ಅಬಿಗೇಲ್ ದಂಪತಿ ಬರೆದುಕೊಂಡ 1,100ಕ್ಕೂ ಜಾಸ್ತಿ ಪತ್ರಗಳು ಇಂದಿಗೂ ಇವೆ. ತನ್ನ ಪತ್ರಗಳನ್ನು ಸುಟ್ಟುಬಿಡಿ ಎಂದು ಅಬಿಗೇಲ್ ಕೇಳಿಕೊಂಡಿದ್ದರು. ಅದಕ್ಕೆ ಮೊದಲು ನಿನ್ನನ್ನೇ ಮರೆಯಬೇಕಾಗುತ್ತದೆ ಎಂದು ಜಾನ್ 1776ರಲ್ಲಿ ಉತ್ತರ ಬರೆದರು. ಅದೇ ವರ್ಷ ಜೂನ್‌ನಲ್ಲಿ ದೊಡ್ಡದೊಂದು ಪುಸ್ತಕ ಕೊಂಡು, ಕಳಿಸುವ ಪತ್ರಗಳನ್ನು ಅದರಲ್ಲೂ ಬರೆದಿಡಲು ಶುರು ಮಾಡಿದರು. ಜಾರ್ಜ್ ವಾಷಿಂಗ್ಟನ್ ಮನೆಯಲ್ಲಿ ಹೀಗಾಗಲಿಲ್ಲ. ಗಂಡ ಹೆಂಡತಿ ಬರೆದುಕೊಂಡ ಪತ್ರಗಳನ್ನು ಮಾರ್ಥಾ ಸುಟ್ಟುಹಾಕಿದರು, ಉಳಿದದ್ದು ಬೆರಳೆಣಿಕೆಯಷ್ಟು. ಅದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಗ ಜಾನ್ ಕ್ವಿನ್ಸಿ ಆಡಮ್ಸ್ 1779ರಲ್ಲಿ, 12ನೇ ವಯಸ್ಸಿಗೆ, ಡೈರಿ ಹಿಡಿದರು. 1848ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಅದು 51 ಸಂಪುಟ, 14,000ಕ್ಕೂ ಹೆಚ್ಚು ಪುಟವಾಗಿತ್ತು. ಪುಸ್ತಕ, ಕಾಗದಗಳಿಗೆ ಬೆಂಕಿ ತಗಲದಂಥ ಕಟ್ಟಡ ಬೇಕೆಂದು ಅವರು ಉಯಿಲಿನಲ್ಲೇ ಬರೆದಿಟ್ಟರು. ಮರದ ಮನೆಗೆ ಅಂಟದಂತೆ ಆ ಕಲ್ಲಿನ ಲೈಬ್ರರಿಯನ್ನು ಮಗ ಚಾರ್ಲ್ಸ್ ಫ್ರಾನ್ಸಿಸ್ 1870ರಲ್ಲಿ ಕಟ್ಟಿ ಮುಗಿಸಿದರು.

ಕಟ್ಟಡಕ್ಕಿಂತ ದೊಡ್ಡ ಕೆಲಸ ನಡೆದದ್ದು 1905ರಲ್ಲಿ ಎಂದು ನನಗನಿಸುತ್ತದೆ. ಆಗ ಮನೆಯವರು ಎಲ್ಲ ಕಾಗದಗಳನ್ನೂ 50 ವರ್ಷದ ಅವಧಿಯ ಒಂದು ಟ್ರಸ್ಟಿಗೆ ವಹಿಸಿದರು. ಆಸ್ತಿ ಪಾಲಾಗುವಾಗ ಪತ್ರಗಳೂ ಪಾಲಾಗಿ ಚೆಲ್ಲಾಪಿಲ್ಲಿಯಾಗುವುದು ಎಷ್ಟು ಮನೆಗಳಲ್ಲಿ ಆಗಿಲ್ಲ? ಅವಧಿ ಮುಗಿದ ಮೇಲೆ, 1956ರಲ್ಲಿ, ಇಡೀ ಸಂಗ್ರಹವನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಕೊಟ್ಟರು. ಅಷ್ಟರಲ್ಲೇ ಮೈಕ್ರೋಫಿಲ್ಮ್, ಅಂದರೆ ಪುಟಗಳ ಚಿಕ್ಕ ಫೋಟೊಗಳನ್ನು ಫಿಲ್ಮ್ ಸುರುಳಿಯಲ್ಲಿ ತೆಗೆದಿಡುವ ಕೆಲಸವೂ ಶುರುವಾಗಿತ್ತು. ಒಟ್ಟು 608 ರೀಲು! ಮನೆಯೊಳಗೆ ಬೀಗ ಹಾಕಿದ್ದದ್ದು ಓದುವವರೆಲ್ಲರಿಗೂ ಸಿಗುವಂತಾಯಿತು.

ಇನ್ನು ಕಾಗದದ ಮಾತು. ಜಾನ್ ಆಡಮ್ಸ್ ಕಾಲದಲ್ಲಿ ಕಾಗದವನ್ನು ಬಟ್ಟೆ ಚಿಂದಿಯಿಂದ ಮಾಡುತ್ತಿದ್ದರು. ಅದು ಗಟ್ಟಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಕಾಗದ ಎಲ್ಲೆಡೆ ಬಂತು. ಅದರಲ್ಲಿ ಆಮ್ಲದ ಅಂಶ ಇರುವುದರಿಂದ ಹಳದಿಯಾಗಿ ಪುಡಿಪುಡಿಯಾಗುತ್ತದೆ. ನಿಮ್ಮ ತಂದೆಯ ಕಾರ್ಡು, ಇನ್‌ಲ್ಯಾಂಡ್ ಲೆಟರ್‌ಗಳೂ ಬಹುಶಃ ಇದೇ ಜಾತಿ. ಹಾಗಾಗಿ ಅವಕ್ಕೆ ಆಡಮ್ಸ್ ಪತ್ರಗಳಿಗಿಂತ ಜಾಸ್ತಿ ಆರೈಕೆ ಬೇಕು.

ಲ್ಯಾಮಿನೇಷನ್ ಮಾಡಿದರೆ ಈ ಆಮ್ಲ ಒಳಗೇ ಉಳಿಯುತ್ತದೆ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸುವುದೂ ಕಷ್ಟ. 1930ರ ದಶಕದಿಂದ ಅಮೆರಿಕದ ಪತ್ರಾಗಾರಗಳೂ ಬೆಲೆಬಾಳುವ ದಾಖಲೆಗಳಿಗೆ ಇದನ್ನೇ ಮಾಡಿದವು. ಆಮೇಲೆ ಎಷ್ಟೋ ದಾಖಲೆಗಳಿಂದ ಅದನ್ನು ಬಿಡಿಸುವ ಪಾಡು ತಜ್ಞರ ಪಾಲಿಗೆ ಬಂತು.

ಊರಿಗೆ ಹೋದಾಗ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ, ಆಮ್ಲವಿಲ್ಲದ ಕಾಗದದ ಕವರಿನಲ್ಲಿಡಿ. ಯಾರು ಯಾರಿಗೆ ಯಾವಾಗ ಬರೆದದ್ದು ಅಂತ ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಶಿವಮೊಗ್ಗದ ಮಳೆಗಾಲದ ತೇವ ತಾಗದಂತೆ, ಹೊರಗೋಡೆಗೆ ತಾಗಿರದ ಬೀರುವಿನಲ್ಲಿ, ನೆಲಕ್ಕಿಂತ ಎತ್ತರದಲ್ಲಿಡಿ. ಸ್ಕ್ಯಾನ್ ಮಾಡಿ ಅಕ್ಕ, ತಮ್ಮಂದಿರಿಗೆಲ್ಲ ಪ್ರತಿ ಕಳಿಸಿ. ಮೂಲ ಪತ್ರಗಳು ಮಾತ್ರ ಒಂದೇ ಕಡೆ ಇರಲಿ. ನಿಮ್ಮ ನಂತರ ಅವು ಯಾರ ಹತ್ತಿರ ಇರಬೇಕು ಎಂದು ಈಗಲೇ ಎಲ್ಲರೂ ಕೂತು ಮಾತಾಡಿ, ಬರೆದಿಡಿ.