ಕೈ ತಡೆಯುವುದನ್ನು ಕಲಿತದ್ದು

ಪ್ರಶ್ನೆ: ಎಂಬಿಬಿಎಸ್ ಓದುತ್ತಿರುವ ನನಗೆ ಅಪಘಾತ ಶಸ್ತ್ರಚಿಕಿತ್ಸಕಿಯಾಗುವ ಆಸೆಯಿದೆ. ತರಬೇತಿಯಲ್ಲಿ ನಿಮಗೆ ಅತ್ಯಂತ ಕಷ್ಟವೆನಿಸಿದ್ದು ಯಾವುದು?

ಉತ್ತರ: ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಎಂಬಿಬಿಎಸ್, ಬಳಿಕ 3 ವರ್ಷಗಳ ಎಂ.ಎಸ್. ಹೇಗೋ ಕಳೆಯುತ್ತವೆ. ಕಷ್ಟವಾದದ್ದು ಕೈಚಳಕವಲ್ಲ, ಕೈ ತಡೆಯುವುದು. ಮುರಿದ ಮೂಳೆ ಕಣ್ಣು ಸೆಳೆಯುವಾಗಲೂ ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರಾಟ, ಅನಂತರ ರಕ್ತಪರಿಚಲನೆ ಎಂಬ ಕ್ರಮವನ್ನು ಬಿಡುವಂತಿರಲಿಲ್ಲ. (1976ರಲ್ಲಿ ನೆಬ್ರಾಸ್ಕಾದ ವಿಮಾನಾಪಘಾತದಲ್ಲಿ ಪತ್ನಿಯನ್ನು ಕಳೆದುಕೊಂಡ ವೈದ್ಯ ಜೇಮ್ಸ್ ಸ್ಟೈನರ್, ಮಕ್ಕಳಿಗೆ ದೊರೆತ ಚಿಕಿತ್ಸೆಯಿಂದ ನೊಂದದ್ದೇ ಈ ಕ್ರಮವನ್ನು ಕಲಿಸುವ ತರಬೇತಿಗೆ ಮೂಲ.) ಹೊಟ್ಟೆಯೊಳಗಿನ ರಕ್ತಸ್ರಾವವನ್ನಷ್ಟೇ ನಿಲ್ಲಿಸಿ, ಉಳಿದ ದುರಸ್ತಿಯನ್ನು ಮುಂದೂಡಿ ರೋಗಿಯನ್ನು ಐಸಿಯುಗೆ ಕಳುಹಿಸುವುದು ನನಗೆ ಮೊದಮೊದಲು ಸೋಲೆನಿಸುತ್ತಿತ್ತು, ಮೈ ತಣ್ಣಗಾಗಿ, ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿದ ದೇಹವು ದೀರ್ಘ ಶಸ್ತ್ರಚಿಕಿತ್ಸೆಯನ್ನು ತಾಳಲಾರದೆಂಬ ಪಾಠ ಪುಸ್ತಕದಿಂದ ಬೆರಳಿಗಿಳಿಯಲು ವರ್ಷಗಳೇ ಬೇಕಾದವು.