ಒಂದು ತಿಂಗಳು ಮನೆ ಖರ್ಚು ಹಿಡಿದರೆ ಸಾಲ ನಿಜವಾಗಿ ಇಳಿಯುತ್ತಾ?

ಕ್ರೆಡಿಟ್ ಕಾರ್ಡ್ ಸಾಲ ಇದೆ, ಜೊತೆಗೆ ಒಂದೆರಡು ಕೈಸಾಲ ಇದೆ ಅಂದಿದ್ದೀರಿ. ಒಂದು ತಿಂಗಳು ಮನೆ ಖರ್ಚನ್ನು ಬಿಗಿಯಾಗಿ ಹಿಡಿದು, ಉಳಿದದ್ದನ್ನು ಸಾಲಕ್ಕೆ ಕಟ್ಟಬೇಕು ಅಂತ ನಿಮ್ಮ ಯೋಚನೆ. ಒಂದೇ ತಿಂಗಳಿಂದ ಏನಾದರೂ ಆಗುತ್ತದಾ, ಆಗುವುದಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಆಗುತ್ತದೆ. ನಾವು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಕೈಗೆ ಏನೂ ಸಿಗಲಿಲ್ಲ. ಎರಡನೇ ಸಲ ಸಾಲ ಕಣ್ಣಿಗೆ ಕಾಣುವಷ್ಟು ಇಳಿಯಿತು. ಎರಡೂ ಸಲ ನಾವು ಖರ್ಚು ಹಿಡಿದದ್ದು ಹೆಚ್ಚುಕಮ್ಮಿ ಒಂದೇ ಥರ. ಬೇರೆಯಾದದ್ದು ಉಳಿದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ. ಅದಕ್ಕೇ ನಿಮಗೆ ಮೊದಲು ಹೇಳಬೇಕಾದ್ದು ಇದು: ಉಳಿಸಿದ ದುಡ್ಡು ಉಳಿಸಿದ ದಿನವೇ ಸಾಲಕ್ಕೆ ಹೋಗಬೇಕು. ತಿಂಗಳ ಕೊನೆವರೆಗೂ ಕಾಯಬೇಡಿ.

ಮೊದಲ ಸಲ ನಾವು ಕಾದೆವು. ಹೊರಗಿನ ಊಟ ನಿಲ್ಲಿಸಿದೆವು, ಬಟ್ಟೆಬರೆ ಬೇಡ ಅಂದೆವು, ಹತ್ತಿರದ ಜಾಗಕ್ಕೆಲ್ಲ ನಡೆದೇ ಹೋದೆವು. ಮಗಳು ಕೇಳಿದ್ದಕ್ಕೆಲ್ಲ ‘ಈ ತಿಂಗಳು ಇಲ್ಲ’ ಅಂದೆ. ತಿಂಗಳು ಮುಗಿದ ಮೇಲೆ ಖಾತೆ ತೆಗೆದು ನೋಡಿದರೆ ಯಾವಾಗಲೂ ಇರುತ್ತಿದ್ದಷ್ಟೇ ದುಡ್ಡು ಇತ್ತು. ನನಗೆ ಅಳುವೇ ಬಂತು. ಆಮೇಲೆ ಒಂದೊಂದೇ ಸಾಲು ನೋಡುತ್ತಾ ಹೋದೆ. ಬಟ್ಟೆ ಒಗೆಯುವ ಮೆಷಿನ್ ರಿಪೇರಿಗೆ ಒಂದಿಷ್ಟು ಹೋಗಿತ್ತು. ಒಬ್ಬರ ಹುಟ್ಟುಹಬ್ಬಕ್ಕೆ ಉಡುಗೊರೆ ತಂದಿದ್ದೆವು. ಮೂರನೇ ವಾರ ‘ಇಷ್ಟೊಂದು ಉಳಿಸಿದ್ದೇವಲ್ಲ’ ಅನ್ನುವ ಸಮಾಧಾನದಲ್ಲಿ ಒಂದು ಫ್ಯಾನ್ ಕೊಂಡಿದ್ದೆವು. ಯಾವುದೂ ದುಂದುವೆಚ್ಚ ಅಲ್ಲ. ಆದರೆ ಖಾತೆಯಲ್ಲಿ ಸುಮ್ನೆ ಬಿದ್ದಿರುವ ದುಡ್ಡು ಯಾರು ಕರೆದರೂ ಎದ್ದು ಹೋಗುತ್ತದೆ. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದು ನಮ್ಮ ಕಣ್ಣೆದುರೇ ಹಾಗೆ ಹೋಗಿತ್ತು.

ಎರಡನೇ ಸಲ ಒಂದೇ ಒಂದು ನಿಯಮ ಮಾಡಿಕೊಂಡೆವು. ಏನನ್ನು ಬಿಟ್ಟೆವೋ ಅದರ ದುಡ್ಡು ಅವತ್ತು ಮಲಗುವ ಮುಂಚೆ ಸಾಲದ ಖಾತೆಗೆ ಹೋಗಬೇಕು. ಒಂದು ಶುಕ್ರವಾರ ಇನ್ನೂ ಚೆನ್ನಾಗಿ ನೆನಪಿದೆ. ಇಬ್ಬರೂ ಕೆಲಸದಿಂದ ಸುಸ್ತಾಗಿ ಬಂದಿದ್ದೆವು. ನಮ್ಮ ಮನೆಯವರು ಊಟ ತರಿಸೋಣ ಅಂತ ಫೋನ್ ಕೈಗೆ ತೆಗೆದುಕೊಂಡು, ಎಲ್ಲ ಆರಿಸಿ, ಕೊನೆಗೆ ಒಟ್ಟು ಎಷ್ಟಾಯಿತು ಅಂತ ನನಗೆ ತೋರಿಸಿದರು. ಇಬ್ಬರೂ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅವರು ಅದನ್ನು ಅಳಿಸಿ, ಅಷ್ಟೇ ಮೊತ್ತವನ್ನು ಕಾರ್ಡ್ ಬಾಕಿಗೆ ಕಟ್ಟಿಬಿಟ್ಟರು. ಮನೆಯಲ್ಲಿ ಇದ್ದದ್ದನ್ನೇ ಬಿಸಿ ಮಾಡಿಕೊಂಡು ಉಂಡೆವು. ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೆ. ಅದರಲ್ಲಿ ತಾರೀಖು, ಬಿಟ್ಟದ್ದು ಏನು, ಕಟ್ಟಿದ್ದು ಎಷ್ಟು, ಇಷ್ಟೇ. ‘ನಾನು ಬರೆಯುತ್ತೇನೆ’ ಅಂತ ಮಗಳು ಪೆನ್ನು ಕಿತ್ತುಕೊಂಡಳು. ಮೂರನೇ ವಾರಕ್ಕೆ ಹಾಳೆಯ ಹಿಂದಿನ ಬದಿಗೂ ಬರೆಯಬೇಕಾಯಿತು.

ಪ್ರತಿ ಸಲ ಕಟ್ಟುವುದಕ್ಕೆ ನಿಮ್ಮಲ್ಲಿ ಶುಲ್ಕ ಹಿಡಿಯುತ್ತಾರೆ ಅಂದರೆ ವಾರಕ್ಕೆ ಒಂದು ದಿನ ಗೊತ್ತುಮಾಡಿಕೊಳ್ಳಿ. ಆದರೆ ಆ ದಿನ ತಪ್ಪಬಾರದು. ಬೇಗ ಕಟ್ಟುವುದರಿಂದ ಇನ್ನೊಂದು ಲಾಭವೂ ಇದೆ. ಸಾಮಾನ್ಯವಾಗಿ ಕಾರ್ಡ್ ಬಡ್ಡಿಯನ್ನು ದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. 5ನೇ ತಾರೀಖು ಕಟ್ಟಿದ ದುಡ್ಡು 30ನೇ ತಾರೀಖು ಕಟ್ಟಿದ ದುಡ್ಡಿಗಿಂತ 25 ದಿನದ ಬಡ್ಡಿ ಉಳಿಸುತ್ತದೆ.

ಈಗ ಒಂದೇ ತಿಂಗಳಿಂದ ಏನಾಗುತ್ತದೆ ಅನ್ನುವ ಲೆಕ್ಕ. ಸಾಲ 1,00,000 ಇದೆ, ಬಡ್ಡಿ ತಿಂಗಳಿಗೆ ನೂರಕ್ಕೆ 3 ಅಂತ ಇಟ್ಟುಕೊಳ್ಳಿ. ಕೇಳುವುದಕ್ಕೆ 3 ಸಣ್ಣದು. ಆದರೆ ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ವರ್ಷಕ್ಕೆ ನೂರಕ್ಕೆ 42ಕ್ಕಿಂತ ಜಾಸ್ತಿ ಆಗುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷ ತುಂಬುವ ಮೊದಲೇ ಸಾಲ ಎರಡು ಪಟ್ಟು. ನೀವು ತಿಂಗಳಿಗೆ 5,000 ಕಟ್ಟುತ್ತಿದ್ದೀರಿ ಅಂದರೆ ಮೊದಲ ತಿಂಗಳು ಅದರಲ್ಲಿ 3,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಹೋಗುವುದು ಬರೀ 2,000. ಹೀಗೇ ಕಟ್ಟುತ್ತಾ ಹೋದರೆ ತೀರುವುದಕ್ಕೆ 31 ತಿಂಗಳು ಬೇಕು. ಕಟ್ಟಿದ ಬಡ್ಡಿಯೇ ಸುಮಾರು 55,000.

ಅದೇ ಮೊದಲ ತಿಂಗಳು ಖರ್ಚು ಹಿಡಿದು 15,000 ಜಾಸ್ತಿ ಕಟ್ಟಿದಿರಿ, ಆಮೇಲೆ ಮತ್ತೆ ಮಾಮೂಲಿ 5,000 ಅಂತಿಟ್ಟುಕೊಳ್ಳಿ. ಆಗ ಸಾಲ 25ನೇ ತಿಂಗಳಿಗೆ ತೀರುತ್ತದೆ. ಬಡ್ಡಿ ಸುಮಾರು 36,600ಕ್ಕೆ ಇಳಿಯುತ್ತದೆ. ಅಂದರೆ ಒಂದು ತಿಂಗಳಲ್ಲಿ ಹಿಡಿದ 15,000ದಿಂದ 18,000ಕ್ಕೂ ಜಾಸ್ತಿ ಬಡ್ಡಿ ಉಳಿಯಿತು. ಜೊತೆಗೆ ಆರು ತಿಂಗಳು ಮೊದಲೇ ಬಿಡುಗಡೆ. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ ಅನ್ನಿಸಿತು. ನಿಮ್ಮ ಸಾಲದ ಅಂಕಿ ಹಾಕಿ ನೀವೇ ಒಮ್ಮೆ ಮಾಡಿ ನೋಡಿ. ಬಡ್ಡಿ ಕಡಿಮೆ ಇರುವ ಸಾಲದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬಾಕಿ ಇಳಿದ ಹಾಗೆ ಕಾರ್ಡ್‌ನವರು ಕೇಳುವ ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ, ಕೂಡ ಇಳಿಯುತ್ತದೆ. ‘ಓ, ಈ ತಿಂಗಳು ಕಮ್ಮಿ ಕಟ್ಟಿದರೆ ಸಾಕು’ ಅಂತ ಅಷ್ಟೇ ಕಟ್ಟಿದರೆ ಮೇಲಿನ ಲೆಕ್ಕ ಎಲ್ಲ ಬಿದ್ದುಹೋಗುತ್ತದೆ. ಅವರು ಎಷ್ಟೇ ಕೇಳಲಿ, ನೀವು ಕಟ್ಟುವುದು ಅದೇ 5,000 ಆಗಿರಲಿ.

ಮತ್ತೆ, ಈ ತಿಂಗಳು ಆ ಕಾರ್ಡನ್ನು ಒಳಗೆ ಎತ್ತಿಡಿ. ಹಳೇ ಬಾಕಿ ಉಳಿಸಿಕೊಂಡಿರುವಾಗ ಎಷ್ಟೋ ಕಾರ್ಡ್‌ಗಳಲ್ಲಿ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳೇ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು. ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ತೆಗೆದರೆ ಏನು ಬಂತು, ಅಲ್ವಾ? ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಅನ್ನುವ ಇಬ್ಬರು ಸಂಶೋಧಕರು 2001ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ಎಷ್ಟು ಕೊಡುತ್ತೀರಿ ಅಂತ ಜನರಿಂದ ಬೆಲೆ ಬರೆಸಿದರು. ಕಾರ್ಡ್‌ನಲ್ಲಿ ಕೊಡಬೇಕು ಅಂತ ತಿಳಿದವರು ನಗದು ಕೊಡಬೇಕಾದವರಿಗಿಂತ ಸುಮಾರು ಎರಡು ಪಟ್ಟು ಬರೆದರು. ನಾವು ಪ್ರತಿ ಭಾನುವಾರ ವಾರಕ್ಕೆ ಇಷ್ಟು ಅಂತ ನಗದು ತೆಗೆದು ಒಂದು ಲಕೋಟೆಯಲ್ಲಿ ಇಡುತ್ತಿದ್ದೆವು. ಗುರುವಾರದ ಹೊತ್ತಿಗೆ ಲಕೋಟೆ ತೆಳ್ಳಗಾಗುವುದು ಕೈಗೇ ಗೊತ್ತಾಗುತ್ತಿತ್ತು. ಫೋನಿನಲ್ಲಿ ಕೊಟ್ಟಾಗ ಅದು ಗೊತ್ತಾಗುವುದಿಲ್ಲ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದ್ದಿರಿ. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ. ಒಂದು ತಿಂಗಳದ್ದು ಸಾಲದು, ಯಾವುದೋ ಒಂದು ತಿಂಗಳು ಏನೋ ವಿಶೇಷ ಇದ್ದೇ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಮನೆಯಲ್ಲಿ ದುಡ್ಡು ಖರ್ಚು ಮಾಡುವವರೆಲ್ಲ ಒಟ್ಟಿಗೆ ಕೂತು ನೋಡಿ. ನಮಗೆ ಸಿಕ್ಕಿದ ಮೊದಲ ಆಶ್ಚರ್ಯ ಆಟೋ ಡೆಬಿಟ್‌ಗಳು. ತಾವಾಗಿಯೇ ಕಟ್ಟಾಗುತ್ತಿದ್ದ ಸಬ್‌ಸ್ಕ್ರಿಪ್ಷನ್ ಆರು ಇದ್ದವು, ಅದರಲ್ಲಿ ಮೂರನ್ನು ನಾವು ತಿಂಗಳುಗಳಿಂದ ತೆರೆದೇ ಇರಲಿಲ್ಲ. ಅವನ್ನು ನಿಲ್ಲಿಸಲು ಅರ್ಧ ಗಂಟೆ ಹಿಡಿಯಿತು, ಇವತ್ತಿಗೂ ಶುರು ಮಾಡಿಲ್ಲ. ಎರಡನೆಯದು ಲೇಟ್ ಫೀ. ದುಡ್ಡು ಇದ್ದೂ ತಾರೀಖು ಮರೆತು ಕಟ್ಟಿದ ದಂಡ. ಅದು ಓದುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಬಾಡಿಗೆ, ಶಾಲೆಯ ಫೀಸು ಇಂಥವನ್ನು ಒಂದು ತಿಂಗಳಲ್ಲಿ ಅಲುಗಾಡಿಸಲು ಆಗುವುದಿಲ್ಲ, ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ. ಅಲುಗುವುದು ಹೊರಗಿನ ಊಟ, ತರಿಸುವ ಸಾಮಾನು, ಓಡಾಟ, ಫೋನ್ ಪ್ಲಾನ್, ‘ಆಫರ್ ಇದೆ’ ಅಂತ ಕೊಂಡದ್ದು. ಕಡಿತ ಅಲ್ಲಿಂದಲೇ ಬರಬೇಕು. ಲೈಟು ಆರಿಸುವುದು ಒಳ್ಳೆಯ ಅಭ್ಯಾಸ, ಆದರೆ ಬರೀ ಅದರಿಂದ ಸಾಲ ತೀರುವುದಿಲ್ಲ.

ದಿನಸಿ ತರುವ ಮುಂಚೆ ಕಪಾಟು ಪೂರ್ತಿ ಖಾಲಿ ಮಾಡಿ ಏನೇನಿದೆ ಅಂತ ಬರೆದುಕೊಳ್ಳಿ. ನಮ್ಮಲ್ಲಿ ಒಂದೇ ಸಾಮಾನಿನ ಒಡೆಯದ ಪೊಟ್ಟಣ ಮೂರು ಸಿಕ್ಕವು, ಒಂದೊಂದು ಸಲವೂ ಇಲ್ಲ ಅಂದುಕೊಂಡು ತಂದದ್ದು. ಮೊದಲ ಹತ್ತು ದಿನ ಇದ್ದದ್ದರಲ್ಲೇ ನಡೆಯಿತು. ಆದರೆ ಇಲ್ಲಿ ಲೆಕ್ಕ ಪ್ರಾಮಾಣಿಕವಾಗಿ ಇರಲಿ. ಕಪಾಟು ಖಾಲಿ ಮಾಡಿದ್ದನ್ನು ಮುಂದಿನ ತಿಂಗಳು ತುಂಬಿಸಲೇಬೇಕಾದರೆ ಅದು ಮುಂದಕ್ಕೆ ತಳ್ಳಿದ ಖರ್ಚು, ಉಳಿತಾಯ ಅಲ್ಲ. ನಮ್ಮ ಹಾಳೆಯಲ್ಲಿ ಅಂಥದ್ದರ ಪಕ್ಕ ಮಗಳ ಕೈಲಿ ‘ಆಮೇಲೆ’ ಅಂತ ಬರೆಸುತ್ತಿದ್ದೆ. ಮುಂದಿನ ತಿಂಗಳು ಒಮ್ಮೆಲೇ ಹೊರೆ ಬಿದ್ದಾಗ ಗಾಬರಿ ಆಗಲಿಲ್ಲ.

ಕಡಿಮೆ ಮಾಡಬಾರದ್ದೂ ಇದೆ, ಇದನ್ನು ದಯವಿಟ್ಟು ಕೇಳಿ. ಔಷಧಿ ಬಿಡಬೇಡಿ. ವಿಮೆಯ ಕಂತು ತಪ್ಪಿಸಬೇಡಿ. ಗಾಡಿಯ ಬ್ರೇಕ್ ರಿಪೇರಿ ಮುಂದೂಡಬೇಡಿ. ಒಂದು ಸಾಲಕ್ಕೆ ಜಾಸ್ತಿ ಕಟ್ಟುವ ಭರದಲ್ಲಿ ಇನ್ನೊಂದರ ಕಂತು ತಪ್ಪಬಾರದು. ಕೈಯಲ್ಲಿ ಸ್ವಲ್ಪವಾದರೂ ಆಪತ್ತಿನ ದುಡ್ಡು ಇಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಮೆಷಿನ್ ಕೆಟ್ಟ ದಿನ ಮತ್ತೆ ಅದೇ ಕಾರ್ಡ್ ಕೈಗೆ ಬರುತ್ತದೆ.

ಯಾವ ಸಾಲಕ್ಕೆ ಮೊದಲು? ಲೆಕ್ಕದ ಪ್ರಕಾರ ಬಡ್ಡಿ ಜಾಸ್ತಿ ಇರುವುದಕ್ಕೆ. ಅನುಮಾನವೇ ಇಲ್ಲ. ಆದರೆ ಸಣ್ಣ ಸಾಲವೊಂದನ್ನು ಪೂರ್ತಿ ಮುಗಿಸಿದಾಗ ಬರುವ ಧೈರ್ಯವೂ ಸುಳ್ಳಲ್ಲ. ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ ಅನ್ನುವ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಲದ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದವರು ಪೂರ್ತಿ ಸಾಲ ತೀರಿಸುವ ಸಂಭವ ಜಾಸ್ತಿ ಅಂತ ಕಂಡಿತ್ತು. ನನ್ನ ಅಭಿಪ್ರಾಯ ಇಷ್ಟು: ಈ ಒಂದೇ ತಿಂಗಳಲ್ಲಿ ಪೂರ್ತಿ ಮುಗಿಯುವ ಸಣ್ಣದೊಂದು ಇದ್ದರೆ ಅದನ್ನು ಮುಗಿಸಿಬಿಡಿ, ಉಳಿದದ್ದೆಲ್ಲ ಕಾರ್ಡ್‌ಗೆ. ಕೈಸಾಲಕ್ಕೆ ಬಡ್ಡಿ ಇಲ್ಲದಿರಬಹುದು, ಆದರೆ ಆ ಕಡೆ ಒಬ್ಬ ಮನುಷ್ಯರು ಕಾಯುತ್ತಿದ್ದಾರೆ. ನೀವೇ ಫೋನ್ ಮಾಡಿ, ಇಂಥ ತಿಂಗಳಿಂದ ಇಷ್ಟಿಷ್ಟು ಕೊಡುತ್ತೇನೆ ಅಂತ ಹೇಳಿ. ನಾನು ಮೂರು ತಿಂಗಳು ತಪ್ಪಿಸಿಕೊಂಡು ಓಡಾಡಿ, ಕೊನೆಗೆ ಮಾತಾಡಿದ ದಿನ ಎದೆ ಮೇಲಿನ ಕಲ್ಲು ಇಳಿದಂತಾಯಿತು.

ಕಂತಿನ ಸಾಲಕ್ಕೆ ಜಾಸ್ತಿ ಕಟ್ಟುವುದಾದರೆ ಮೊದಲು ಎರಡು ವಿಷಯ ವಿಚಾರಿಸಿ. ಮುಂಚೆ ಕಟ್ಟಿದರೆ ಶುಲ್ಕ ಇದೆಯಾ, ಮತ್ತು ಕಟ್ಟಿದ್ದು ಅಸಲಿಗೆ ಹೋಗುತ್ತದಾ ಇಲ್ಲ ಮುಂದಿನ ಕಂತಿನ ಮುಂಗಡ ಅಂತ ಇಟ್ಟುಕೊಳ್ಳುತ್ತಾರಾ. ಮುಂಗಡ ಆದರೆ ನಿಮಗೆ ಬಡ್ಡಿ ಉಳಿಯುವುದಿಲ್ಲ. ‘ಇದು ಅಸಲಿಗೆ’ ಅಂತ ಬರಹದಲ್ಲಿ ಕೊಡಿ, ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದಿದೆಯಾ ಅಂತ ನೋಡಿ. ನಾವು ಒಮ್ಮೆ ನೋಡದೆ ಬಿಟ್ಟು ಎರಡು ತಿಂಗಳಾದ ಮೇಲೆ ಸರಿ ಮಾಡಿಸಬೇಕಾಯಿತು.

ಇನ್ನು ಮನೆಯವರ ವಿಷಯ. ಇಬ್ಬರಲ್ಲಿ ಒಬ್ಬರೇ ಹಟ ಹಿಡಿದರೆ ಇದು ನಡೆಯುವುದಿಲ್ಲ. ಮೊದಲ ಸಲ ನಾನು ಪೊಲೀಸಿನ ಹಾಗೆ ಇದ್ದೆ, ಮನೆಯವರು ಸುಮ್ಮನಾಗುತ್ತಾ ಹೋದರು. ಎರಡನೇ ಸಲ ಒಬ್ಬೊಬ್ಬರೂ ಬಿಡಲಾರದ ಒಂದೊಂದನ್ನು ಇಟ್ಟುಕೊಂಡೆವು, ಅದರ ಬಗ್ಗೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಅವರು ಭಾನುವಾರದ ಆಟ ಇಟ್ಟುಕೊಂಡರು, ನಾನು ಒಂದು ಪತ್ರಿಕೆ, ಮಗಳು ಚಿತ್ರಕಲೆಯ ಕ್ಲಾಸು. ಮಕ್ಕಳಿಗೆ ವಿಷಯ ಮುಚ್ಚಿಡಬೇಡಿ. ನಾವು ಹೇಳದೆ ಇದ್ದಾಗ ಅವಳು ಏನೇನೋ ಊಹಿಸಿ ಹೆದರಿದ್ದಳು. ‘ಒಂದು ಸಾಲ ಇದೆ, ಅದನ್ನು ತೀರಿಸುತ್ತಿದ್ದೇವೆ, ನಿನ್ನ ಊಟ ಶಾಲೆಗೆ ಏನೂ ತೊಂದರೆ ಇಲ್ಲ’ ಅಂದ ಮೇಲೆ ಅವಳೇ ನಮಗಿಂತ ಗಟ್ಟಿಯಾದಳು.

ನಿಮ್ಮ ಸಾಲಗಳನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆಯಿರಿ: ಬಾಕಿ ಎಷ್ಟು, ಬಡ್ಡಿ ಎಷ್ಟು, ಕಂತಿನ ತಾರೀಖು ಯಾವಾಗ. ಹೆಸರು, ಖಾತೆ ನಂಬರ್ ಏನೂ ಬೇಡ, ಬರೀ ಅಂಕಿಗಳನ್ನು ಇಲ್ಲಿ ಹಾಕಿದರೆ ಯಾವುದಕ್ಕೆ ಮೊದಲು ಎಷ್ಟು ಅಂತ ನಾನು ಲೆಕ್ಕ ಹಾಕಿ ಕೊಡುತ್ತೇನೆ.